ಇಲಿ ಅಂಟೂ ಒಂದೇ, ಹಕ್ಕಿ ಅಂಟೂ ಒಂದೇ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಡೇರಿಗೆ ಹಾಲು ಹಾಕಿ ಬಂದು, ಬಿಡುವಾಗಿ ಕೂತು ಓದಿ.

ಒಂದೂವರೆ ತಿಂಗಳಲ್ಲಿ ನಮ್ಮ ಸುತ್ತಮುತ್ತ ಮೂರು ಕಡೆ ಒಂದೇ ತರದ ಸಂಗತಿ ನೋಡಿದೆ. ಒಂದು ಕೋಳಿ ಶೆಡ್ಡಿನ ಹೊರಗೋಡೆ ಪಕ್ಕ, ಇಲಿಗೆ ಅಂತ ಬಿಚ್ಚಿಟ್ಟ ಅಂಟಿನ ಹಲಗೆ ಮೇಲೆ ಮಡಿವಾಳ ಹಕ್ಕಿ ಸತ್ತು ಒಣಗಿತ್ತು. ಒಂದು ಟೊಮೆಟೊ ಹೊಲದಲ್ಲಿ ಬಿಳಿ ನೊಣಕ್ಕೆ ಕಟ್ಟಿದ ಹಳದಿ ಹಾಳೆಗೆ ಟುವ್ವಿ ಹಕ್ಕಿ ಒಂದು ರೆಕ್ಕೆ ಪೂರ್ತಿ ಅಂಟಿಸಿಕೊಂಡು ನೇತಾಡ್ತಿತ್ತು. ಮೂರನೇದು ಸೀಬೆ ತೋಟ. ಅಲ್ಲಿ ಇಲಿ ಅಂಟನ್ನೇ ಟ್ಯೂಬಿನಿಂದ ಹಿಂಡಿ ಕೊಂಬೆಗೆ ಸವರಿದ್ದರು, ಗಿಣಿ ಬಂದು ಕೂರಲಿ ಅಂತ. ಮೊದಲ ಎರಡು ಕಡೆಯವರಿಗೆ ಹಕ್ಕಿ ಹಿಡಿಯೋ ಉದ್ದೇಶ ಇರಲಿಲ್ಲ. ಮೂರನೆಯವರಿಗೆ ಇತ್ತು. ಆದರೆ ಹಕ್ಕಿಗೆ ಆಗಿದ್ದು ಮೂರು ಕಡೆಯೂ ಒಂದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಯಲಲ್ಲಿ ತೆರೆದಿಟ್ಟ ಅಂಟು, ಪೊಟ್ಟಣದ ಮೇಲೆ ಇಲಿ ಚಿತ್ರ ಇರಲಿ, ನೊಣದ ಚಿತ್ರ ಇರಲಿ, ಹಕ್ಕಿ ಹಿಡಿಯೋ ಅಂಟೇ. ಇಲಿ ಹಲಗೆ ಹೊಲ, ತೋಟ, ಕಣ, ಶೆಡ್ಡಿನ ಹೊರಗೆ ಬರಲೇಬಾರದು. ಹಳದಿ ಹಾಳೆ ಬೇಕೇ ಬೇಕು ಅನ್ನೋರು ಜಾಲರಿ ಇಲ್ಲದೆ ಕಟ್ಟಬಾರದು. ಯಾಕೆ ಅಂತ ಬುಡದಿಂದ ಹೇಳ್ತೀನಿ.

ಅಂಟು ನಮಗೆ ಹೊಸದಲ್ಲ

ಅಂಟು ಹಾಕಿ ಹಕ್ಕಿ ಹಿಡಿಯೋದು ಬಹಳ ಹಳೇ ವಿದ್ಯೆ. ಮರದ ಹಾಲು ಅದಕ್ಕೆ ಮೂಲ. ನಮ್ಮ ಗುಬ್ಬಿ ಸೀಮೆಯವರಿಗೆ ಹಲಸಿನ ಅಂಟಿನ ಬಗ್ಗೆ ಪಾಠ ಬೇಕಿಲ್ಲ. ಚೇಳೂರು ಸಂತೆಗೆ ಹಲಸು ಹಾಕುವವರ ಬಟ್ಟೆ ನೋಡಿದ್ರೆ ಸಾಕು. ಮಲೆನಾಡು, ಕರಾವಳಿ ಕಡೆ ಅದನ್ನೇ ಮೇಣ ಅಂತಾರೆ. ಒಡೆದ ಮಡಕೆಗೆ, ಸೋರುವ ಪಾತ್ರೆಗೆ ಹಚ್ಚೋಕೂ ಅದು ಬರ್ತಿತ್ತು. ಹಲಸು, ಆಲ, ಅರಳಿ, ಅತ್ತಿ, ಗೋಣಿ ಎಲ್ಲ ಒಂದೇ ಕುಲದ ಮರಗಳು. ಎಲ್ಲದರಲ್ಲೂ ಬಿಳಿ ಹಾಲು. ಈ ಹಾಲನ್ನು ಎಣ್ಣೆ ಜೊತೆ ಕಾಯಿಸಿದರೆ ಒಣಗದ, ಗಟ್ಟಿಯಾಗದ, ಮಳೆ ನೀರಿಗೂ ಕರಗದ ಜಿಗುಟು ಆಗುತ್ತೆ. ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ಎಣ್ಣೆ, ಬೇರೆ ಬೇರೆ ಮರ. ತತ್ವ ಒಂದೇ.

ಇದರಲ್ಲಿ ಒಂದು ವಿಚಿತ್ರ ನೋಡಿ. ಗೋಣಿ ಮರ ಹಣ್ಣು ಬಿಟ್ಟಾಗ ಕುಟ್ರು ಹಕ್ಕಿ, ಪಿಕಳಾರ, ಗೊರವಂಕ, ಕೋಗಿಲೆ ಎಲ್ಲ ಅಲ್ಲೇ ಠಿಕಾಣಿ ಹೂಡ್ತವೆ. ಯಾವ ಮರ ಹೊಟ್ಟೆಗೆ ಹಾಕುತ್ತೋ ಅದೇ ಮರದ ಹಾಲು ಕಾಲಿಗೆ ಅಂಟುತ್ತೆ. ಯುರೋಪಿನಲ್ಲೂ ಇದೇ ಕತೆ. ಅಲ್ಲಿ ಹಕ್ಕಿ ಅಂಟನ್ನು ಹೆಚ್ಚಾಗಿ ಬದನಿಕೆ ಜಾತಿಯ ಗಿಡದ ಹಣ್ಣಿನಿಂದ ಮಾಡ್ತಿದ್ದರು. ನಮ್ಮ ಮಾವಿನ ಮರಕ್ಕೆ ಹತ್ತೋ ಬದನಿಕೆಯ ಹಣ್ಣು ಹಿಸುಕಿ ನೋಡಿ, ಬೀಜದ ಸುತ್ತ ಬಿಡಿಸಲಾಗದ ಲೋಳೆ. ಬದನಿಕೆ ಹಕ್ಕಿ ಹಣ್ಣು ತಿಂದು, ಹಿಂದಕ್ಕೆ ಅಂಟಿಕೊಂಡ ಬೀಜವನ್ನು ಕೊಂಬೆಗೆ ಉಜ್ಜಿ ಹೋಗುತ್ತೆ. ಅಲ್ಲೇ ಹೊಸ ಬದನಿಕೆ ಹುಟ್ಟುತ್ತೆ. ಅಲ್ಲಿನ ಹಕ್ಕಿಗಳೂ ಹಾಗೇ ಬೀಜ ಹರಡಿ, ಆ ಗಿಡದ ಅಂಟಿಗೇ ಸಿಕ್ಕಿಬೀಳ್ತಿದ್ದವು. ಹಕ್ಕಿ ತನ್ನ ಸಾವನ್ನು ತಾನೇ ಬಿತ್ತುತ್ತೆ ಅನ್ನೋ ಅರ್ಥದ ಮಾತು ಹಳೇ ರೋಮನ್ನರಲ್ಲಿ ಇತ್ತು.

ಇನ್ನು ಚಳ್ಳೆಹಣ್ಣು. ನಮ್ಮ ಬೇಲಿ ಸಾಲಲ್ಲಿ ಅಲ್ಲೊಂದು ಇಲ್ಲೊಂದು ಚಳ್ಳೆ ಮರ ಈಗಲೂ ಇದೆ. ಚಿಕ್ಕವರಿದ್ದಾಗ ಆ ಹಣ್ಣಿನ ಲೋಳೆ ಹಚ್ಚಿ ಗಾಳಿಪಟದ ಕಾಗದ ಅಂಟಿಸ್ತಿದ್ದೆವು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಅದೇ ಜಾತಿಯ ಮರದ ಹಣ್ಣನ್ನು ಕುದಿಸಿ ಅಂಟು ಮಾಡಿ, ಉದ್ದ ಕಡ್ಡಿಗಳಿಗೆ ಮೆತ್ತಿ, ಪೊದೆಗಳಲ್ಲಿ ಸಿಕ್ಕಿಸಿಡ್ತಾರೆ. ವಲಸೆ ಹೋಗೋ ಸಣ್ಣ ಹಾಡುಹಕ್ಕಿಗಳು ದಣಿದು ಬಂದು ಕೂರ್ತವೆ, ಅಲ್ಲೇ ಉಳೀತವೆ. ಅವನ್ನು ಬೇಯಿಸಿ ತಟ್ಟೆಗೆ ಹಾಕೋದು ಅಲ್ಲಿನ ಹಳೇ ರುಚಿ. 1974ರಿಂದ ಅಲ್ಲಿ ಅದು ಕಾನೂನುಬಾಹಿರ, ಆದರೂ ಕದ್ದುಮುಚ್ಚಿ ನಡೀತಾನೇ ಇದೆ. ನಾವು ಮೋಸ ಹೋದವರಿಗೆ "ಚಳ್ಳೆಹಣ್ಣು ತಿನ್ನಿಸಿದರು" ಅಂತೀವಲ್ಲ, ಆ ಹಕ್ಕಿಗಳ ಪಾಲಿಗೆ ಅದು ಬರೀ ಗಾದೆ ಮಾತಲ್ಲ.

ಅಂಟು ಹೇಗೆ ಹಿಡಿಯುತ್ತೆ

ಬುದ್ಧನ ಬೋಧನೆಯೊಂದರಲ್ಲಿ ಬೇಟೆಗಾರರು ಕೋತಿ ಓಡಾಡೋ ಜಾಡಿನಲ್ಲಿ ಅಂಟಿನ ಲೇಪ ಹಾಕೋ ಪ್ರಸಂಗ ಬರುತ್ತೆ. ಚಪಲ ತಡೆಯದ ಕೋತಿ ಒಂದು ಕೈ ಇಟ್ಟು ನೋಡುತ್ತೆ, ಅಂಟಿತು. ಅದನ್ನು ಬಿಡಿಸೋಕೆ ಇನ್ನೊಂದು ಕೈ. ಆಮೇಲೆ ಒಂದು ಕಾಲು, ಇನ್ನೊಂದು ಕಾಲು, ಕೊನೆಗೆ ಬಾಯಿ. ಐದು ಕಡೆ ಸಿಕ್ಕಿಬಿದ್ದ ಕೋತಿ ಬೇಟೆಗಾರನ ಪಾಲು. ಅಂಟಿನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ. ಅಂಟು ತಾನಾಗಿ ಹಿಡಿಯೋದು ಒಂದು ಕಡೆ ಮಾತ್ರ. ಉಳಿದ ನಾಲ್ಕು ಕಡೆ ಹಿಡಿಸೋದು ಪ್ರಾಣಿಯ ಒದ್ದಾಟ.

ಹಕ್ಕಿ ವಿಷಯದಲ್ಲಿ ಮೊದಲು ಬೆರಳು ಅಂಟುತ್ತೆ. ಹಾರೋಕೆ ರೆಕ್ಕೆ ಬಡಿಯುತ್ತೆ, ರೆಕ್ಕೆ ತುದಿಯ ದೊಡ್ಡ ಗರಿಗಳು ಅಂಟುತ್ತವೆ. ತಿರುಗಿ ಕೊಕ್ಕಿನಿಂದ ಬಿಡಿಸಿಕೊಳ್ಳೋಕೆ ನೋಡುತ್ತೆ, ಕೊಕ್ಕೂ ಹೋಯ್ತು. ಆಮೇಲೆ ಬಿಸಿಲು, ಬಾಯಾರಿಕೆ, ಸುಸ್ತು. ಇಲ್ಲಾ ಇರುವೆ, ಬೆಕ್ಕು, ಕಾಗೆ. ಗಂಟೆಗಟ್ಟಲೆ ಹಿಡಿಯುತ್ತೆ, ಒಮ್ಮೊಮ್ಮೆ ದಿನವೂ ಕಳೆಯುತ್ತೆ.

ಬಿಡಿಸಿದರೂ ಕತೆ ಮುಗಿಯಲ್ಲ. ಗರಿಯ ಎಳೆಗಳು ಸಣ್ಣ ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಚೀಲದ ಜಿಪ್ ಇದ್ದ ಹಾಗೆ. ಹಕ್ಕಿ ಹಾರೋದು, ಮಳೆಗೆ ನೆನೆಯದೆ ಇರೋದು, ಚಳಿಗೆ ಬೆಚ್ಚಗಿರೋದು ಎಲ್ಲ ಆ ಜಿಪ್ಪಿನಿಂದ. ಅಂಟು ತಾಗಿದರೆ ಜಿಪ್ ಕೆಟ್ಟಿತು. ಮುರಿದ ದೊಡ್ಡ ಗರಿ ತಕ್ಷಣ ಹುಟ್ಟಲ್ಲ, ಮುಂದಿನ ಸಲ ಗರಿ ಉದುರಿಸೋ ತನಕ ಅದು ಕಾಯಬೇಕು.

ಈ ಮಾತು ಕೋರ್ಟಿನ ಮುಂದೆಯೂ ಬಂದಿತ್ತು. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಅಂಟು ಕಡ್ಡಿಯಿಂದ ಹಕ್ಕಿ ಹಿಡಿಯೋದಕ್ಕೆ ಸಂಪ್ರದಾಯ ಅಂತ ಸರ್ಕಾರವೇ ಅನುಮತಿ ಕೊಡ್ತಾ ಬಂದಿತ್ತು. ಬೇರೆ ಜಾತಿ ಹಕ್ಕಿ ಸಿಕ್ಕರೆ ಒರೆಸಿ, ತೊಳೆದು ಬಿಡ್ತೀವಿ ಅನ್ನೋದು ಹಿಡಿಯುವವರ ವಾದ. 2021ರ ಮಾರ್ಚ್‌ನಲ್ಲಿ ಯುರೋಪಿನ ಉಚ್ಚ ನ್ಯಾಯಾಲಯ ಆ ವಾದ ಒಪ್ಪಲಿಲ್ಲ. ತೊಳೆದು ಬಿಟ್ಟರೂ ಗರಿಗೆ ಆದ ಹಾನಿ ಸರಿಹೋಗದೆ ಉಳಿಯಬಹುದು, ಸಂಪ್ರದಾಯ ಅನ್ನೋದೊಂದೇ ಕಾರಣ ಸಾಲದು ಅಂತ ಹೇಳಿತು. ಅದೇ ವರ್ಷ ಜೂನ್‌ನಲ್ಲಿ ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯವೂ ಅಂಟು ಬೇಟೆ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. "ಸಿಕ್ಕರೆ ಬಿಡಿಸಿ ಬಿಟ್ಟರಾಯ್ತು ಬಿಡಿ" ಅಂತ ನಮ್ಮಲ್ಲಿ ಹೇಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು.

ಹಳೇ ಅಂಟಿಗೆ ಒಬ್ಬ ಕಾಯೋನು ಇದ್ದ

ಹಳೇದೆಲ್ಲ ಒಳ್ಳೇದು ಅನ್ನೋ ಪೈಕಿ ನಾನಲ್ಲ. ಅಂಟು ಕಡ್ಡಿಯಿಂದ ಹಿಂದೆಯೂ ಬೇಕಾದ್ದು ಬೇಡದ್ದು ಎಲ್ಲ ಹಕ್ಕಿ ಸತ್ತಿವೆ. ಆದರೆ ಒಂದು ವ್ಯತ್ಯಾಸ ಇತ್ತು. ನಮ್ಮ ತಾತ ಹೇಳ್ತಿದ್ದದ್ದು: ಬೇಸಿಗೇಲಿ ಕೆರೆ ಬತ್ತಿ ಕೊನೇ ಗುಂಡಿ ನೀರು ಉಳಿದಾಗ ಅಂಟು ಕಡ್ಡಿ ನೆಡೋರು ಬರ್ತಿದ್ದರು. ನೆಟ್ಟು ಹೋಗಿಬಿಡ್ತಿರಲಿಲ್ಲ. ತಂಗಡಿ ಗಿಡದ ಮರೇಲಿ ಕೂತು ಕಾಯ್ತಿದ್ದರು. ಬೆಳವ ಬಿತ್ತು ಅಂದ್ರೆ ಓಡಿ ಬಂದು ತೆಗೀತಿದ್ದರು. ಸಂಜೆ ಕಡ್ಡಿಗಳನ್ನು ಎಣಿಸಿ ಕಿತ್ತುಕೊಂಡು ಹೋಗ್ತಿದ್ದರು. ಅಂಟು ಕಾಯಿಸೋದು ದಿನಗಟ್ಟಲೆ ಕೆಲಸ, ಬಿಟ್ಟುಹೋಗೋಕೆ ಯಾರಿಗೂ ಮನಸ್ಸು ಬರ್ತಿರಲಿಲ್ಲ. ಹಕ್ಕಿಯೂ ಅವರಿಗೆ ಬೇಕಿತ್ತು. ಮಾರೋಕೋ, ಸಾರಿಗೋ, ಒಟ್ಟಿನಲ್ಲಿ ವ್ಯರ್ಥ ಆಗಬಾರದಿತ್ತು.

ಈಗಿನ ಅಂಟಿಗೆ ಕಾಯೋರು ಯಾರೂ ಇಲ್ಲ. ಅಂಗಡೀಲಿ ಸಿಗುತ್ತೆ, ಬಿಚ್ಚಿಡ್ತೀವಿ, ಮರೀತೀವಿ. ಅದು ಹಗಲೂ ರಾತ್ರಿ ಕೆಲಸ ಮಾಡುತ್ತೆ. ಹಲ್ಲಿ, ಹಾವುರಾಣಿ, ಓತಿಕ್ಯಾತ, ಕೇರೆ ಮರಿ, ಅಳಿಲು, ಗುಬ್ಬಚ್ಚಿ ಯಾವುದು ಬಂದರೂ ಹಿಡಿಯುತ್ತೆ. ಹಿಡಿದದ್ದು ಯಾರಿಗೂ ಬೇಡ.

ಇಲ್ಲಿ ಇನ್ನೊಂದು ವಿಷಯ ನನ್ನ ಮನಸ್ಸಿಗೆ ಚುಚ್ಚುತ್ತೆ. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಹೆಸರಲ್ಲೇ ಹಕ್ಕಿ ಇಟ್ಟುಕೊಂಡವರು. ಬಲೆ, ಉರುಲು ಹಿಡಿದು ಊರೂರು ತಿರುಗಿ ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರ ಕಸುಬೇ ಅಪರಾಧ ಆಯ್ತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಬೇಲೂರು ಕಡೆಯ ಅಂಗಡಿಹಳ್ಳಿ ಹೀಗೆ ಕೆಲವು ಕಡೆ ನೆಲೆ ನಿಂತು, ಕೂದಲೆಣ್ಣೆ, ಗಿಡಮೂಲಿಕೆ ಮಾರಿಕೊಂಡು ದೇಶ ವಿದೇಶ ಸುತ್ತೋ ಹಾಗಾಯ್ತು. 2023ರಲ್ಲಿ ಸುಡಾನ್ ಯುದ್ಧದ ಮಧ್ಯೆ ಸಿಕ್ಕಿಕೊಂಡು ವಾಪಸ್ ಬಂದವರಲ್ಲಿ ಅವರೂ ಇದ್ದರು. ಹಕ್ಕಿ ಉಳೀಬೇಕು ಅಂತ ಕಾನೂನು ಆ ಕಸುಬನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಹೊಟ್ಟೆಪಾಡಿಗೆ ಹಿಡೀತಿದ್ದವರ ಕೈಯಿಂದ ಕಿತ್ತುಕೊಂಡ ಕೆಲಸವನ್ನು ಹೊಟ್ಟೆ ತುಂಬಿದ ನಾವು ಅಂಗಡಿ ಅಂಟಿನಿಂದ, ಅದೂ ಏನೂ ಲಾಭ ಇಲ್ಲದೆ ಮಾಡ್ತಾ ಕೂತರೆ ಅದಕ್ಕೆ ಏನು ಹೇಳೋದು? ಅವರ ಊರಿಗೆ ಹೋಗಿ ಜಾಗೃತಿ ಭಾಷಣ ಮಾಡ್ತಾರೆ. ನಮ್ಮ ಶೆಡ್ಡಿನ ಹಿಂದೆ ಬಂದು ನೋಡೋರು ಯಾರು?

ಕಾನೂನು ಏನು ಹೇಳುತ್ತೆ

ಅದೇ 1972ರ ಕಾಯ್ದೆಯಲ್ಲಿ ಬೇಟೆ ಅಂದರೆ ಬಂದೂಕಿನಿಂದ ಹೊಡೆಯೋದು ಮಾತ್ರ ಅಲ್ಲ. ಹಿಡಿಯೋದು, ಉರುಲು ಹಾಕೋದು, ಬಲೆಗೆ ಬೀಳಿಸೋದು, ಅದಕ್ಕೆ ಪ್ರಯತ್ನ ಮಾಡೋದು ಎಲ್ಲವೂ ಬೇಟೆಯೇ. ಸೀಬೆ ಕೊಂಬೆಗೆ ಗಿಣಿ ಕೂರಲಿ ಅಂತ ಅಂಟು ಸವರೋದು ನೇರವಾಗಿ ಇದರೊಳಗೆ ಬರುತ್ತೆ. ಬೆಳೆ ನನ್ನದು, ಮರ ನನ್ನದು ಅನ್ನೋ ಮಾತು ಅಲ್ಲಿ ನಡೆಯಲ್ಲ. ಗಿಣಿ ಹಿಡಿದು ಪಂಜರದಲ್ಲಿ ಸಾಕೋದೂ ಅಪರಾಧವೇ.

ಇಲಿ ಹಲಗೆ ವಿಷಯಕ್ಕೆ ಬಂದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇಂಥ ಅಂಟಿನ ಬೋನುಗಳ ವಿರುದ್ಧ ರಾಜ್ಯಗಳಿಗೆ ಬರೆದಿದೆ. ಇಂಗ್ಲೆಂಡಿನಲ್ಲಿ 2022ರಲ್ಲಿ ಇದಕ್ಕೇ ಅಂತ ಒಂದು ಕಾನೂನು ಮಾಡಿದರು. 2024ರ ಜುಲೈ 31ರಿಂದ ಅಲ್ಲಿ ಪರವಾನಗಿ ಇಲ್ಲದೆ ಇಲಿಗೆ ಅಂಟಿನ ಹಲಗೆ ಇಡೋದು ಅಪರಾಧ. ಇಲಿಗೇ ಅಷ್ಟು ಯೋಚನೆ ಮಾಡಿದ್ದಾರೆ ಅಂದರೆ, ನಮ್ಮ ಹೊಲದ ಹಕ್ಕಿಗೆ ನಾವು ಸ್ವಲ್ಪ ಯೋಚನೆ ಮಾಡಿದರೆ ತಪ್ಪಿಲ್ಲ.

ಆದರೂ ಪೊಲೀಸರ ಭಯಕ್ಕೆ ಅಂಟು ಬಿಡಿ ಅಂತ ನಾನು ಹೇಳೋಲ್ಲ. ನಮ್ಮ ಲೆಕ್ಕಕ್ಕೇ ಅದು ನಷ್ಟ.

ನಷ್ಟದ ಲೆಕ್ಕ

ಹಳದಿ ಹಾಳೆಗೆ ಹಕ್ಕಿ ಯಾಕೆ ಬರುತ್ತೆ? ಬಣ್ಣ ನೋಡಿ ಅಲ್ಲ. ಹಾಳೆ ಮೇಲೆ ಅಂಟಿಕೊಂಡ ಹುಳ ಒದ್ದಾಡ್ತಾ ಇರುತ್ತೆ, ಅದು ಊಟ ಅಂತ ಬರುತ್ತೆ. ಅಂದರೆ ಅಲ್ಲಿ ಬೀಳೋದು ಹುಳ ತಿನ್ನೋ ಹಕ್ಕಿಯೇ. ಟುವ್ವಿ ಹಕ್ಕಿ ದಿನವಿಡೀ ಎಲೆ ಮಗುಚಿ ಮಗುಚಿ ಹುಳ ಹೆಕ್ಕುತ್ತೆ. ಮಡಿವಾಳ ಹಕ್ಕಿ ನೆಲದ ಹುಳ ಹುಪ್ಪಟೆ ತಿನ್ನುತ್ತೆ. ಕಾಜಾಣ ಹಾರೋ ಪತಂಗವನ್ನು ಗಾಳೀಲೇ ಹಿಡಿಯುತ್ತೆ. ಕಾಯಿಕೊರಕದ ತಾಯಿ ಪತಂಗವನ್ನು ತಿನ್ನೋ ಕೂಲಿಯಾಳನ್ನು ಕೊಂದು, ಅದರ ಮರಿಗೆ ಔಷಧಿ ಹೊಡೆಯೋದು ಯಾವ ಬುದ್ಧಿವಂತಿಕೆ? ಹಳದಿ ಹಾಳೆಗೆ ಜೇನು, ಗುಲಗಂಜಿ ಹುಳ ಬೀಳೋದನ್ನೂ ಗಮನಿಸಿರ್ತೀರ. ಅದೂ ನಮ್ಮ ಖರ್ಚಿನ ಬಾಬ್ತೇ.

ಇಲಿ ಹಲಗೆಯದ್ದು ಇನ್ನೂ ಕೆಟ್ಟದು. ಹಲಗೆ ಮಧ್ಯೆ ಇಟ್ಟ ಕಾಳಿಗೆ ಗುಬ್ಬಚ್ಚಿ ಬರುತ್ತೆ. ಸಿಕ್ಕಿಕೊಂಡ ಜಿರಳೆ, ಮಿಡತೆಗೆ ಮಡಿವಾಳ ಬರುತ್ತೆ. ಸಿಕ್ಕಿದ ಇಲಿ ಕಿರಿಚಿದರೆ ಗೂಬೆ ಬರುತ್ತೆ, ಕೇರೆ ಬರುತ್ತೆ. ರಾತ್ರಿ ಪೂರ್ತಿ ಇಲಿ ಹಿಡಿಯೋ ಕಣಜಗೂಬೆಯನ್ನು ಒಂದು ಇಲಿ ಆಸೆಗೆ ಕಳಕೊಳ್ಳೋದು ಅಂದರೆ ಬೀಜದ ರಾಗಿ ಬೀಸಿ ಮುದ್ದೆ ಮಾಡಿಕೊಂಡ ಹಾಗೆ. ಗೂಬೆ ಮನೆ ಮೇಲೆ ಕೂತರೆ ಕೇಡು ಅಂತ ಇನ್ನೂ ನಂಬೋರಿದ್ದಾರೆ. ನಿಜವಾದ ಕೇಡು ಗೂಬೆ ಇಲ್ಲದ ತೋಟಕ್ಕೆ.

ಪೊಟ್ಟಣದ ಮೇಲಿನ ಇಲಿ ಚಿತ್ರ ನಮಗೇ ಚಳ್ಳೆಹಣ್ಣು ತಿನ್ನಿಸ್ತಾ ಇದೆ. ಅಂಟಿಗೆ ಚಿತ್ರ ಓದೋಕೆ ಬರಲ್ಲ.

"ಸರಿ, ಇಲಿ ಗಿಣಿ ಕಾಟಕ್ಕೆ ಏನು ಮಾಡೋಣ?"

ಈ ಪ್ರಶ್ನೆ ನ್ಯಾಯವಾದದ್ದು. ಎಳನೀರು ಕಾಯಿ ಇಲಿ ಕಡಿದು ಬೀಳೋದು, ಕೋಳಿ ಆಹಾರ ಅರ್ಧ ಇಲಿ ಪಾಲಾಗೋದು, ಸೀಬೆ ಹಣ್ಣಾಗೋ ಹೊತ್ತಿಗೆ ಗಿಣಿ ಹಿಂಡು ಇಳಿಯೋದು ಯಾರಿಗೂ ಸಹಿಸೋಕೆ ಆಗಲ್ಲ. ಬರೀ ಹಕ್ಕಿ ಪ್ರೀತಿ ಮಾತಾಡಿ ಎದ್ದು ಹೋಗೋರ ಮೇಲೆ ನನಗೂ ಕೋಪ ಬರುತ್ತೆ. ಅದಕ್ಕೆ ನಾವು ಮಾಡ್ತಿರೋದು, ನೋಡಿರೋದು ಹೇಳ್ತೀನಿ.

ತೆಂಗಿಗೆ: ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಕಾಂಡದ ಸುತ್ತ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿ. ಇಲಿ ಉಗುರು ಜಾರುತ್ತೆ. ಒಂದು ಮರದ ಗರಿ ಇನ್ನೊಂದಕ್ಕೆ ತಾಗೋ ಕಡೆ ಇದು ಅಷ್ಟು ಕೆಲಸ ಮಾಡಲ್ಲ, ಯಾಕಂದ್ರೆ ಇಲಿ ಮೇಲಿಂದಲೇ ದಾಟುತ್ತೆ. ಅಂಥ ಕಡೆ ಸುಳಿ ಭಾಗ ಚೊಕ್ಕಟ ಮಾಡಿಸಿ, ಒಣಗಿದ ಗರಿ, ಹೊಂಬಾಳೆ ಸಿಪ್ಪೆ ತೆಗೆಸಿ. ಇಲಿ ಗೂಡು ಕಟ್ಟೋದು ಅಲ್ಲೇ.

ಶೆಡ್ಡು, ಉಗ್ರಾಣಕ್ಕೆ: ತಂತಿ ಬೋನು ಅಥವಾ ಕತ್ತರಿ ಬೋನು. ಒಂದು ಬೋನಿನ ದುಡ್ಡಿಗೆ ನಾಲ್ಕಾರು ಅಂಟಿನ ಹಲಗೆ ಬರುತ್ತೆ ನಿಜ. ಆದರೆ ಹಲಗೆ ಒಂದೇ ಸಲಕ್ಕೆ, ಬೋನು ವರ್ಷಗಟ್ಟಲೆ. ಹೊರಗಡೆ ಇಡೋದಾದರೆ ಸಂಜೆ ಇಟ್ಟು ಬೆಳಗ್ಗೆ ತೆಗೀರಿ, ಹಗಲು ಹಕ್ಕಿ ಹೋಗದ ಹಾಗೆ. ಕೋಳಿ ಆಹಾರದ ಮೂಟೆ ನೆಲಕ್ಕೆ ಇಡಬೇಡಿ, ಗೋಡೆಗೆ ಒರಗಿಸಬೇಡಿ. ಬಾಗಿಲ ಕೆಳಗಿನ ಸಂದು ಮುಚ್ಚಿ.

ಹೊಲಕ್ಕೆ: ಬದು ಚೊಕ್ಕಟ ಇರಲಿ, ಬದುಗಳ ಅಗಲ ಕಡಿಮೆ ಇರಲಿ. ಅಲ್ಲಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕೋಲು ನೆಡಿ. ಹಗಲು ಕಾಜಾಣ ಕೂರುತ್ತೆ, ರಾತ್ರಿ ಗೂಬೆ ಕೂರುತ್ತೆ. ಬಾಡಿಗೆ ಕೇಳದೆ ಕೆಲಸ ಮಾಡ್ತವೆ. ತೆನೆ ಬಲಿತು ಕಾಳು ಗಟ್ಟಿಯಾಗೋ ಹೊತ್ತಿಗೆ ಕೋಲು ತೆಗೆದುಬಿಡಿ, ಇಲ್ಲಾಂದ್ರೆ ಕಾಳು ತಿನ್ನೋ ಹಕ್ಕಿಗೂ ಅದೇ ಪೀಠ ಆಗುತ್ತೆ.

ಹಳದಿ ಹಾಳೆಗೆ: ಹುಳ ಎಷ್ಟಿದೆ ಅಂತ ನೋಡೋಕೆ ಎಕರೆಗೆ 10-12 ಹಾಳೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅಷ್ಟು ಕಟ್ಟಿದರೂ ಪ್ರತಿ ಹಾಳೆ ಸುತ್ತ ಅರ್ಧ ಇಂಚು ಕಣ್ಣಿನ ತಂತಿ ಜಾಲರಿಯ ಕೊಳವೆ ಮಾಡಿ, ಅಂಟಿಗೂ ಜಾಲರಿಗೂ ಎರಡು ಬೆರಳು ಅಂತರ ಇರೋ ಹಾಗೆ ಸಿಕ್ಕಿಸಿ. ಬಿಳಿ ನೊಣ, ಹೇನು ಒಳಗೆ ಹೋಗ್ತವೆ, ಹಕ್ಕಿ ಹೋಗಲ್ಲ. ಒಂದು ಸಲ ಮಾಡಿದ ಕೊಳವೆ ಎಷ್ಟೋ ಬೆಳೆಗೆ ಬರುತ್ತೆ. ಇದೂ ಬೇಡ ಅನ್ನೋರು ಹಳೇ ಡಬ್ಬದ ತಗಡಿಗೆ ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿ. ಬಿಳಿ ನೊಣಕ್ಕೆ ಅದು ಸಾಕು, ಹಕ್ಕಿಯನ್ನು ಹಿಡಿದಿಡೋ ಶಕ್ತಿ ಅದಕ್ಕಿಲ್ಲ. ಆಗಾಗ ಒರೆಸಿ ಮತ್ತೆ ಸವರೋ ಕೆಲಸ ಇರುತ್ತೆ, ಅಷ್ಟೇ. ಬೆಳೆ ಮುಗಿದ ದಿನವೇ ಹಾಳೆ ಎಲ್ಲ ಬಿಚ್ಚಿ, ಎಣಿಸಿ, ಅಂಟು ಒಳಗಾಗೋ ಹಾಗೆ ಮಡಚಿ ತೆಗೆದುಹಾಕಿ. ಎಷ್ಟೋ ಹೊಲಗಳಲ್ಲಿ ಟೊಮೆಟೊ ಗಿಡ ಕಿತ್ತು ತಿಂಗಳಾದರೂ ಹಾಳೆ ಗೂಟಕ್ಕೆ ನೇತಾಡ್ತಿರುತ್ತೆ. ಇದಕ್ಕಂತೂ ಯಾವ ನೆವವೂ ಇಲ್ಲ.

ಗಿಣಿಗೆ: ಸೀಬೆ, ದಾಳಿಂಬೆ ಕಾಯಿಗೆ ಚೀಲ ಕಟ್ಟೋದು ಖರ್ಚಿನ ಕೆಲಸ, ಆದರೆ ನೊಣದ ಕಾಟಕ್ಕೂ ಅದೇ ಮದ್ದು. ಹಣ್ಣಾಗೋಕೆ ಶುರುವಾದಾಗ ಮಾತ್ರ ಮಿನುಗೋ ಪಟ್ಟಿಯನ್ನು ಎರಡು ಸುತ್ತು ತಿರುಚಿ ಎಳೆದು ಕಟ್ಟಿ, ಗಾಳಿಗೆ ಗುಂಯ್ ಅನ್ನಬೇಕು. ಮೊದಲೇ ಕಟ್ಟಿದರೆ ಗಿಣಿ ಅಭ್ಯಾಸ ಮಾಡಿಕೊಳ್ಳುತ್ತೆ, ಆಮೇಲೆ ಅದರ ಮೇಲೇ ಜೋಕಾಲಿ ಆಡುತ್ತೆ. ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿ. ಒಂದು ಗಿಣಿ ಅಂಟಿಸಿದರೆ ಉಳಿದವು ಬರಲ್ಲ ಅನ್ನೋ ವಾದ ಕೇಳಿದ್ದೀನಿ. ಅವು ಪಕ್ಕದ ತೋಟಕ್ಕೆ ಹೋಗ್ತವೆ, ಮುಂದಿನ ವಾರ ವಾಪಸ್ ಬರ್ತವೆ. ಅಷ್ಟರಲ್ಲಿ ಅದೇ ಕೊಂಬೇಲಿ ಕುಟ್ರು, ಪಿಕಳಾರ, ಅಳಿಲು ಸಿಕ್ಕಿಬಿದ್ದಿರುತ್ತವೆ.

ಹಕ್ಕಿ ಸಿಕ್ಕಿಬಿದ್ದಿದ್ದು ಕಂಡರೆ

ಇದನ್ನು ಮನೆ ಹುಡುಗರಿಗೂ ಓದಿ ಹೇಳಿ. ಹಲಸು ಕೊಯ್ಯೋಕೆ ಮುಂಚೆ ಕೈಗೆ, ಕತ್ತಿಗೆ ಎಣ್ಣೆ ಸವರಿಕೊಳ್ತೀವಲ್ಲ, ಇಲ್ಲೂ ಅದೇ ಜ್ಞಾನ ಕೆಲಸಕ್ಕೆ ಬರುತ್ತೆ. ಅಂಟಿಗೆ ನೀರು ಏನೂ ಮಾಡಲ್ಲ, ಎಣ್ಣೆ ಮಾತ್ರ ಬಿಡಿಸುತ್ತೆ.

1. ಕಿತ್ತು ಎಳೀಬೇಡಿ. ಗರಿ ಜೊತೆ ಚರ್ಮವೂ ಬರುತ್ತೆ, ಕಾಲು ಮುರಿಯುತ್ತೆ.

2. ಸುತ್ತ ತೆರೆದಿರೋ ಅಂಟಿನ ಮೇಲೆ ಕಾಗದ ಹಾಕಿ ಅಥವಾ ಹಿಟ್ಟು ಉದುರಿಸಿ, ಇನ್ನೊಂದು ರೆಕ್ಕೆ ಅಂಟದ ಹಾಗೆ. ಕಣ್ಣು, ಮೂಗಿಗೆ ಹಿಟ್ಟು ಬೀಳಬಾರದು.

3. ತಲೆ ಮೇಲೆ ತೆಳು ಬಟ್ಟೆ ಹಾಕಿ. ಕತ್ತಲಾದರೆ ಒದ್ದಾಟ ನಿಲ್ಲುತ್ತೆ.

4. ಅಡುಗೆ ಎಣ್ಣೆ ಬೆರಳಲ್ಲಿ ಹನಿ ಹನಿ ತಗೊಂಡು ಅಂಟಿದ ಜಾಗಕ್ಕೆ ಮಾತ್ರ ಸವರಿ, ನಿಧಾನಕ್ಕೆ ಬಿಡಿಸಿ. ಅವಸರ ಬೇಡ, ಸುರಿಯೋದೂ ಬೇಡ. ಸೀಮೆಎಣ್ಣೆ, ಪೆಟ್ರೋಲ್, ತಿನ್ನರ್ ಮುಟ್ಟಿಸಲೇಬೇಡಿ.

5. ಬಿಟ್ಟ ತಕ್ಷಣ ಹಾರಿಸಬೇಡಿ. ಎಣ್ಣೆ ಮೆತ್ತಿದ ಗರಿಯಲ್ಲಿ ಹಾರೋಕೆ ಆಗಲ್ಲ, ಮೈ ಬೆಚ್ಚಗಿಟ್ಟುಕೊಳ್ಳೋಕೂ ಆಗಲ್ಲ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ನೆರಳಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹುಯ್ಯಬೇಡಿ.

6. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ, ಇಲ್ಲಾ ಹತ್ತಿರದ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಗರಿ ತೊಳೆಯೋದು ಅಭ್ಯಾಸ ಇರೋರ ಕೆಲಸ.

ಕೊನೇ ಮಾತು

ನಾನು ಕೇಳೋದು ದೊಡ್ಡದೇನಲ್ಲ. ಈ ಭಾನುವಾರ ಒಂದು ಗಂಟೆ ತಗೊಂಡು ನಿಮ್ಮ ಶೆಡ್ಡು, ಪಂಪ್‌ಹೌಸ್, ಕಣ, ತರಕಾರಿ ಹೊಲ ಒಂದು ಸುತ್ತು ಹಾಕಿ. ಬಯಲಲ್ಲಿರೋ ಇಲಿ ಅಂಟಿನ ಹಲಗೆ ಎತ್ತಿ. ಹಳೇ ಬೆಳೆಯ ಹಳದಿ ಹಾಳೆ ಬಿಚ್ಚಿ. ಈಗಿನ ಬೆಳೆಯ ಹಾಳೆಗೆ ಜಾಲರಿ ಹಾಕಿ. ನಮ್ಮ ಔಷಧಿ ಅಂಗಡಿಯವರು ಹಾಳೆ ಕೊಡುವಾಗ ಜಾಲರಿ ವಿಷಯ ಒಂದು ಮಾತು ಹೇಳಲಿ ಅಂತ ಅವರನ್ನೂ ಕೇಳಿ. ನಾಲ್ಕು ಜನ ಕೇಳಿದರೆ ಅವರೇ ಜಾಲರಿ ತರಿಸಿಡ್ತಾರೆ.

ಜಾಲರಿ ಕೊಳವೆ ಮಾಡೋದು ನೋಡಬೇಕು ಅನ್ನೋರು ನಮ್ಮ ಹೊಲಕ್ಕೆ ಬನ್ನಿ. ಒಂದು ಕೊಳವೆಗೆ ಕಾಲು ಗಂಟೆ ಕೆಲಸ. ಹಳೇ ಕೋಳಿ ಜಾಲರಿ ಮನೇಲಿ ಬಿದ್ದಿದ್ದರೆ ತಗೊಂಡು ಬನ್ನಿ, ಕಣ್ಣು ದೊಡ್ಡದಿದ್ದರೆ ಎರಡು ಪದರ ಮಾಡಿದರೆ ಆಯ್ತು.